ರೇಷ್ಮೆ ಮನೆಯಲ್ಲಿ ಮೂರೂವರೆ ಹಾಡು

ಡ್ರಮ್ ಸೆಟ್ಟನ್ನು ಒಳಗೆ ಇಳಿಸುವ ಮೊದಲು ನಾವು ನಾಲ್ವರೂ ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ ಪಾದ ಅದ್ದಿಕೊಳ್ಳಬೇಕಾಯಿತು. ಅದು ರೇಷ್ಮೆ ಹುಳ ಸಾಕುವ ಮನೆ. ಹುಳ ಇರಲಿ ಇಲ್ಲದಿರಲಿ, ಹೊರಗಿನ ಧೂಳು ಮೆತ್ತಿದ ಕಾಲು ಒಳಗೆ ಬರಕೂಡದು ಎಂಬುದು ಆ ಮನೆಯೊಡತಿಯ ಕಟ್ಟಳೆ. ಆಕೆ ನಮ್ಮ ತಂಡದಲ್ಲಿ ಡ್ರಮ್ ನುಡಿಸುವ ಗೆಳೆಯನ ತಾಯಿ. ನಾವೂ ಅವ್ವ ಎಂದೇ ಕರೆಯುತ್ತಿದ್ದೆವು.

“ಕಾಲದ್ಕೊಂಡು ಒಳಕ್ಕೋಗಿ. ಆ ಡೋಲಿನ ಕಾಲ್ಗೂ ವಸಿ ನೀರು ತಾಗ್ಸಿ,” ಎಂದು ಬಾಗಿಲಲ್ಲಿ ನಿಂತು ಹೇಳಿದರು. ಸ್ಟ್ಯಾಂಡುಗಳ ಮೂರು ಮೂರು ಕಾಲುಗಳನ್ನೂ ಅದ್ದಿಯೇ ಒಯ್ದೆವು.

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಗೋವಿಂದನಹಳ್ಳಿಗೆ ಹೋಗುವ ದಾರಿಯಿಂದ ಒಳಕ್ಕೆ ತಿರುಗಿದರೆ ಅವರ ತೋಟ ಸಿಗುತ್ತದೆ. ಹಿಪ್ಪುನೇರಳೆ ಹೊಲ, ಅದರ ತುದಿಯಲ್ಲಿ ಉದ್ದನೆಯ ಹುಳದ ಮನೆ, ಮೂವತ್ತು ಹೆಜ್ಜೆ ಆಚೆ ವಾಸದ ಮನೆ. ಹಿಂದಿನ ಬೆಳೆಯ ಗೂಡು ಮಾರಾಟವಾಗಿ, ಮನೆಯನ್ನು ತೊಳೆದು ಒಣಗಿಸಿದ್ದರು. ಮುಂದಿನ ಮರಿಹುಳ ಬರಲು ಹತ್ತು ದಿನವಿತ್ತು. ಆ ಹತ್ತು ದಿನ ನಮಗೆ ಕೊಡಲು ಅವ್ವ ಒಪ್ಪಿದ್ದರು. ಅಷ್ಟರಲ್ಲಿ ಆರು ಹಾಡುಗಳನ್ನು ರೆಕಾರ್ಡ್ ಮಾಡಿ ಮುಗಿಸುವುದು ನಮ್ಮ ಲೆಕ್ಕಾಚಾರ.

ನನ್ನದು ಪಾಂಡವಪುರದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ತಂಡದಲ್ಲಿ ಗಿಟಾರು ನನ್ನದು, ರೆಕಾರ್ಡಿಂಗ್ ಹೊಣೆಯೂ ನನ್ನದೇ. ಬೇಸ್ ಗಿಟಾರಿನವನು ನಾಗಮಂಗಲದಲ್ಲಿ ಸರ್ವೇಯರು, ಜಮೀನು ಅಳೆಯುವ ಕೆಲಸ. ಹಾಡುವವರು ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಟೀಚರು. ತಂಡದ ಹೆಸರು ‘ತ್ರೀ ಫೇಸ್’. ನಾಲ್ಕು ಜನರ ತಂಡಕ್ಕೆ ಮೂರರ ಹೆಸರೇಕೆ ಎಂದು ಕೇಳುವವರಿಗೆ ನಮ್ಮ ಉತ್ತರ ಒಂದೇ: ತೋಟದ ಮನೆಗೆ ತ್ರೀ ಫೇಸ್ ಕರೆಂಟು ಬಂದ ಹೊತ್ತಿನಲ್ಲಿ ಮಾತ್ರ ನಮ್ಮ ಅಭ್ಯಾಸ. ಹಾಡುಗಳೆಲ್ಲ ನಮ್ಮವೇ, ನಾವಾಡುವ ಕನ್ನಡದಲ್ಲೇ ಬರೆದವು. ಗಿಟಾರಿನ ಅಬ್ಬರದ ಮೇಲೆ ಮಂಡ್ಯದ ಮಾತು ಕೂರುತ್ತದೆಯೇ ಎಂದು ನಕ್ಕವರಿದ್ದರು. ಕೂರುತ್ತದೆ ಎಂದು ನಮಗೆ ಗೊತ್ತಿತ್ತು. ತೋರಿಸಲು ರೆಕಾರ್ಡಿಂಗ್ ಇರಲಿಲ್ಲ, ಅಷ್ಟೆ.

ಆತುರಕ್ಕೆ ಕಾರಣ ಟೀಚರ ಗಂಟಲು. ಧ್ವನಿತಂತುವಿನ ಮೇಲೆ ಸಣ್ಣ ಗಂಟಿದೆ, ತೆಗೆಯಬೇಕು ಎಂದು ವೈದ್ಯರು ಹೇಳಿದ್ದರು. ದಸರಾ ರಜೆಯ ಕೊನೆಯಲ್ಲಿ ಆಪರೇಷನ್ ಗೊತ್ತಾಗಿತ್ತು. ಆಮೇಲೆ ದನಿ ಬರುತ್ತದೆ, ಆದರೆ ಇದೇ ದನಿ ಬರುತ್ತದೆ ಎಂದು ಹೇಳಲಾಗದು. ಅಲ್ಲಿಯವರೆಗೆ ಹಾಡಬಹುದೇ ಎಂದು ಟೀಚರು ನೇರವಾಗಿಯೇ ಕೇಳಿದ್ದರು. ದಿನಕ್ಕೆ ಇಪ್ಪತ್ತು ನಿಮಿಷ ಮೀರಬಾರದು, ಉಳಿದಂತೆ ಮಾತೂ ಬೇಡ, ನೋವು ಕಂಡರೆ ಅಲ್ಲಿಗೇ ನಿಲ್ಲಿಸಬೇಕು ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತ್ತು. ಹಾಗಾಗಿ ಅವರು ಶಾಲೆಯಿಂದ ಒಂದು ಸ್ಲೇಟು ತಂದಿದ್ದರು. ಬೇಕಾದದ್ದನ್ನೆಲ್ಲ ಅದರಲ್ಲಿ ಬರೆದು ತೋರಿಸುತ್ತಿದ್ದರು.

ಆ ಗಂಟಿನಲ್ಲಿ ನನ್ನ ಪಾಲೂ ಇದೆ ಎಂದು ನನಗೆ ಅನ್ನಿಸುತ್ತಿತ್ತು. ಅಭ್ಯಾಸದಲ್ಲಿ ಅವರ ದನಿ ಕೇಳಿಸದೆ ಹೋದಾಗಲೆಲ್ಲ ನಾನು ಗಿಟಾರನ್ನು ತಗ್ಗಿಸುವ ಬದಲು “ಇನ್ನೊಂಚೂರು ಜೋರಾಗಿ ಟೀಚರ್” ಎಂದಿದ್ದೆ. ಒಂದೆರಡು ಸಲವಲ್ಲ, ವರ್ಷಗಟ್ಟಲೆ. ಯಾರೂ ಅದನ್ನು ಎತ್ತಿ ಆಡಲಿಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು.

ಮೈಸೂರಿನ ಸ್ಟುಡಿಯೋಗೆ ಹೋಗಬಹುದಿತ್ತು. ಹಿಂದೊಮ್ಮೆ ಹೋಗಿಯೂ ಇದ್ದೆವು. ಅಲ್ಲಿನವರು ನಮ್ಮ ಡ್ರಮ್ಮಿನವನ ಪೆಟ್ಟುಗಳನ್ನು ಒಂದು ನಿಮಿಷ ಕೇಳಿ, ಇದನ್ನೆಲ್ಲ ಕಂಪ್ಯೂಟರಿನಲ್ಲೇ ಹಾಕೋಣ ಎಂದಿದ್ದರು. ಅವನು ಕೋಲುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟಿದ್ದ. ನಾವೂ ಅವನ ಹಿಂದೆ ಬಂದಿದ್ದೆವು.

ಮೊದಲ ದಿನ ಕೋಣೆಯನ್ನು ಪಳಗಿಸುವುದರಲ್ಲೇ ಹೋಯಿತು. ಸಿಮೆಂಟಿನ ನಾಲ್ಕು ಬೋಳು ಗೋಡೆ, ತಗಡಿನ ಸೂರು. ಒಂದು ಚಪ್ಪಾಳೆ ತಟ್ಟಿದರೆ ಹತ್ತು ಚಪ್ಪಾಳೆ ಕೇಳುತ್ತಿತ್ತು. ಇಂಥ ಕಡೆ ಡ್ರಮ್ ನುಡಿಸಿದರೆ ಪೆಟ್ಟು ಯಾವುದು, ಮಾರ್ದನಿ ಯಾವುದು ಎಂದು ತಿಳಿಯುವುದಿಲ್ಲ. ಹೊದಿಕೆ, ಗೋಣಿಚೀಲ ಕಟ್ಟಿ ನೋಡಿದೆವು. ಆಗ ಸದ್ದು ಸತ್ತೇ ಹೋಯಿತು, ಹಾಸಿಗೆಗೆ ಬಡಿದ ಹಾಗೆ. ಸರ್ವೇಯರು ಮೂಲೆಯಲ್ಲಿ ಒರಗಿಸಿಟ್ಟಿದ್ದ ಚಂದ್ರಿಕೆಗಳನ್ನು ನೋಡುತ್ತ ನಿಂತಿದ್ದ. ಹಣ್ಣಾದ ಹುಳಗಳು ಗೂಡು ಕಟ್ಟಲು ಬಿಡುವ, ಬಿದಿರಿನ ಪಟ್ಟಿಗಳನ್ನು ಸುರುಳಿಯಾಗಿ ಹೆಣೆದ ದೊಡ್ಡ ತಟ್ಟಿಗಳು ಅವು.

“ಇವ್ನ ಗ್ವಾಡೆಗೆ ವಸಿ ಓರೆಯಾಗಿ ಒರಗ್ಸಿದ್ರೆ ಎಂಗೆ?” ಎಂದ.

ಗೋಡೆಯುದ್ದಕ್ಕೂ ಒರಗಿಸಿದೆವು. ಮತ್ತೆ ಚಪ್ಪಾಳೆ ತಟ್ಟಿದೆ. ಸದ್ದು ಹೋಗಿ ಆ ಸುರುಳಿಗಳಿಗೆ ಬಡಿದು ಚೂರುಚೂರಾಗಿ ಚೆದುರಿ ಬಂತು, ಸಾಯದೆ. ಡ್ರಮ್ಮಿನವನು ಕೂತು ದೊಡ್ಡ ಡ್ರಮ್ಮನ್ನು ಒಂದೇ ಸಲ ಒದ್ದ. ನಾವು ಮೂವರೂ ಪರಸ್ಪರ ಮುಖ ನೋಡಿಕೊಂಡೆವು. ಟೀಚರು ಸ್ಲೇಟಿನಲ್ಲಿ ‘ಇದೇ ನಮ್ಮ ಸೌಂಡು’ ಎಂದು ಬರೆದರು. ಆ ಒಂದು ಒದೆತದ ಸದ್ದನ್ನು ಇವತ್ತಿಗೂ ನಾನು ಯಾರಿಗೆ ಬೇಕಾದರೂ ಧೈರ್ಯವಾಗಿ ಕೇಳಿಸುತ್ತೇನೆ.

ಆದರೆ ಬ್ಲೀಚಿಂಗ್ ಪುಡಿಯ ಘಾಟು ಅಲ್ಲಿ ಉಳಿದಿತ್ತು. ಅರ್ಧ ಗಂಟೆಯಲ್ಲಿ ಟೀಚರು ಕೆಮ್ಮತೊಡಗಿದರು. ಅವ್ವ ಅವರ ರಟ್ಟೆ ಹಿಡಿದು ಹೊರಕ್ಕೆ ಕರೆದೊಯ್ದರು. “ನೀನು ಇತ್ತಗೆ ಬರ್ಲೇಬ್ಯಾಡ ಕಣವ್ವ. ನಮ್ ಮನೇಲಿ ರಾಗಿ ಮೂಟೆ ಮಡಗಿರೋ ಕ್ವಾಣೆ ಅದೆ, ಅಲ್ಲಿ ಕುಂತ್ಕೊ,” ಎಂದರು. ಹೋಗಿ ನೋಡಿದರೆ ಮೂರು ಕಡೆ ಸೂರಿನವರೆಗೂ ರಾಗಿ ಮೂಟೆ, ಒಂದು ಕಡೆ ಅಂಗಳಕ್ಕೆ ತೆರೆಯುವ ಕಿಟಕಿ. ದನಿ ರೆಕಾರ್ಡ್ ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಮೈಕಿನ ವೈರನ್ನು ಕಿಟಕಿಯಿಂದ ಎಳೆದು, ಅಂಗಳ ದಾಟಿಸಿ, ಹುಳದ ಮನೆಗೆ ತಂದೆ. ಟೀಚರ ವಾಸ್ತವ್ಯವೂ ಅವ್ವನ ಜೊತೆಯಲ್ಲೇ ಆಯಿತು. ಅವ್ವನಿಗೆ ಓದಲು ಬರುತ್ತಿರಲಿಲ್ಲ, ಸ್ಲೇಟು ಅವರ ಮುಂದೆ ನಡೆಯುತ್ತಿರಲಿಲ್ಲ. ಇಬ್ಬರೂ ಎರಡೇ ದಿನದಲ್ಲಿ ಕೈಸನ್ನೆಯಲ್ಲಿ ಸಲೀಸಾಗಿ ಮಾತಾಡಿಕೊಳ್ಳುವಷ್ಟು ಪಳಗಿದರು.

ಎರಡನೇ ದಿನ ಗಿಟಾರಿನ ವೈರು ಚುಚ್ಚಿದ ಕೂಡಲೇ ‘ಗುಂಯ್’ ಎಂಬ ಮೊರೆತ. ಗಿಟಾರಿನೊಳಗೆ ತಂತಿಯ ಅದುರನ್ನು ಹಿಡಿಯುವ ಸುರುಳಿ ಇರುತ್ತದೆ. ನನ್ನ ಗಿಟಾರಿನ ಸುರುಳಿಯನ್ನು ಕೂದಲಿಗಿಂತ ಸಣ್ಣ ತಾಮ್ರದ ತಂತಿಯಿಂದ ನಾನೇ ಸುತ್ತಿದ್ದೆ, ಅಂಗಡಿಯ ಯಂತ್ರದಲ್ಲಿ. ತಪ್ಪು ಅಲ್ಲಿರಲಿಲ್ಲ. ಮೀಟರು ಹಿಡಿದು ಅಳೆದಾಗ ಗೊತ್ತಾಯಿತು, ಮನೆಯ ಅರ್ಥಿಂಗ್ ಸತ್ತುಹೋಗಿತ್ತು. ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ನಾನೂ ಸರ್ವೇಯರೂ ಸೇರಿ ಅದನ್ನು ಮತ್ತೆ ತೋಡಿ, ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿ, ಕೊಡಗಟ್ಟಲೆ ನೀರು ಸುರಿದೆವು. ಮಧ್ಯಾಹ್ನದ ಹೊತ್ತಿಗೆ ಮೊರೆತ ಮುಕ್ಕಾಲು ಪಾಲು ಅಡಗಿತು.

ಮೊರೆತ ಅಡಗಿದ ಮೇಲೆ ಅದರಡಿಯಲ್ಲಿ ಬಚ್ಚಿಟ್ಟುಕೊಂಡಿದ್ದ ಇನ್ನೊಂದು ಸದ್ದು ಕೇಳಿಸಿತು. ಟಿಕ್. ಟಿಕ್. ಟಿಕ್. ಸೆಕೆಂಡಿಗೊಂದರಂತೆ. ವೈರು ಬದಲಿಸಿದೆ, ಸದ್ದನ್ನು ಲ್ಯಾಪ್‌ಟಾಪಿಗೆ ಒಯ್ಯುವ ರೆಕಾರ್ಡಿಂಗ್ ಪೆಟ್ಟಿಗೆ ಬದಲಿಸಿದೆ, ಮನೆಯ ಬಲ್ಬುಗಳನ್ನೆಲ್ಲ ಆರಿಸಿದೆ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸಿದೆ. ಟಿಕ್ ನಿಲ್ಲಲಿಲ್ಲ. ಡ್ರಮ್ಮಿನವನು ಅದರ ಜೊತೆಗೆ ತಾಳ ಹಾಕುತ್ತ, “ಒಳ್ಳೆ ಲಯದಲ್ಲಿ ಅದೆ ಕಣ್ಲಾ, ಬುಡು, ಇದ್ನೇ ಐದನೇ ಮೆಂಬರ್ ಮಾಡ್ಕಳಣ,” ಎಂದ. ನನಗೆ ನಗು ಬರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಗಿಟಾರು ಹೆಗಲಿಗೇರಿಸಿಕೊಂಡು, ಉದ್ದದ ವೈರು ಎಳೆದುಕೊಂಡು, ಟಿಕ್ ಯಾವ ದಿಕ್ಕಿಗೆ ಹೆಚ್ಚಾಗುತ್ತದೆ ಎಂದು ನೋಡುತ್ತ ಹೊಲದ ಕಡೆ ನಡೆದೆ. ಪಕ್ಕದ ಹೊಲದ ಬದುವಿನಲ್ಲಿ ಉತ್ತರ ಸಿಕ್ಕಿತು. ಕಾಡುಹಂದಿ ಬಾರದಂತೆ ಬೇಲಿಗೆ ಹಾಕಿದ್ದ ಝಟಕಾ ಪೆಟ್ಟಿಗೆ. ಸೆಕೆಂಡಿಗೊಮ್ಮೆ ಬೇಲಿ ತಂತಿಗೆ ಅದು ಕೊಡುವ ಏಟು ನನ್ನ ಗಿಟಾರಿನ ಸುರುಳಿಗೂ ತಾಗುತ್ತಿತ್ತು. ಹಗಲಿನಲ್ಲಿ ಅದರ ಅಗತ್ಯವಿರಲಿಲ್ಲ, ಆರಿಸುವುದನ್ನು ಮರೆತಿದ್ದರು. ಅವ್ವ ಬೇಲಿಯ ಆಚೆಗೆ ಒಂದು ಕೂಗು ಹಾಕಿದರು, ಪೆಟ್ಟಿಗೆ ಆರಿತು.

ಹೀಗೆ ಒಂದೂವರೆ ದಿನ ನೆಲಕ್ಕೂ ಬೇಲಿಗೂ ಹೋಗಿತ್ತು. ಆದರೂ ಅವತ್ತನ್ನು ಬಿಟ್ಟು ಇನ್ನೂ ಏಳು ದಿನ ಉಳಿದಿತ್ತು. ನನ್ನ ಯೋಜನೆ ಕ್ರಮದ್ದು. ಮೊದಲು ಡ್ರಮ್ ಮತ್ತು ಬೇಸ್, ಅದರ ಮೇಲೆ ಗಿಟಾರು, ಎಲ್ಲ ಸರಿಯಾದ ಮೇಲೆ ಕೊನೆಯ ಮೂರು ನಾಲ್ಕು ದಿನ ದಿನಕ್ಕೆ ಇಪ್ಪತ್ತು ನಿಮಿಷದಂತೆ ಟೀಚರ ದನಿ. ಅವತ್ತೇ ಎರಡು ಹಾಡಿನ ಡ್ರಮ್ಮು, ಬೇಸು ಮುಗಿಸಿದೆವು. ಪ್ರತಿಯೊಂದನ್ನೂ ಏಳೆಂಟು ಸಲ ನುಡಿಸಿ, ತಪ್ಪಿಲ್ಲದ್ದನ್ನು ಆರಿಸಿದೆ. ಸಂಜೆ ಕೇಳಿದಾಗ ತಪ್ಪು ಒಂದೂ ಇರಲಿಲ್ಲ. ಏನೋ ಕಮ್ಮಿ ಇತ್ತು, ಏನೆಂದು ಹೇಳಲು ಆಗಲಿಲ್ಲ.

ಅದೇ ಹೊತ್ತಿಗೆ ಅವ್ವ ಬಂದು ಬಾಗಿಲಲ್ಲಿ ನಿಂತರು. ಮರಿಹುಳ ಸಾಕಿ ಕೊಡುವ ಚಾಕಿ ಕೇಂದ್ರದಿಂದ ಫೋನು ಬಂದಿತ್ತಂತೆ. ಅವ್ವನ ಸರದಿಯ ಮೊಟ್ಟೆ ಸರಿಯಾಗಿ ಒಡೆದಿರಲಿಲ್ಲ. ಬೇರೆಯವರು ಬೇಡವೆಂದ ಒಂದು ತಂಡ ಹುಳ ಈಗ ಸಿದ್ಧವಾಗಿದೆ, ತೆಗೆದುಕೊಂಡರೆ ಅದು, ಇಲ್ಲವಾದರೆ ಇನ್ನು ಹದಿನೈದು ದಿನ ಕಾಯಬೇಕು.

“ಆಚೆ ನಾಳಿದ್ದು ವತ್ತಾರೆಗೇ ಉಳ ಬತ್ತವೆ,” ಎಂದರು. “ಅಷ್ಟರೊಳಗೆ ಈ ಮನೆ ಒಂದ್ಸಲ ತೊಳ್ದು ಮದ್ದು ಹೊಡೀಬೇಕು. ನಾಳಿದ್ದು ಮಧ್ಯಾನುಕ್ಕೆ ಖಾಲಿ ಮಾಡ್ಕೊಟ್ಬುಡಿ ಕಣ್ರಪ್ಪ.”

ಮಗ ಸ್ಟೂಲಿನಿಂದ ಎದ್ದ. “ಅವ್ವ, ಹತ್ ದಿನ ಅಂತ ನೀನೇ ಏಳಿದ್ದೆ.”

“ಏಳಿದ್ದೆ. ಇಲ್ಲ ಅಂದ್ನಾ? ಸೊಪ್ಪು ಆ ಮಾತ ಕೇಳ್ತದಾ? ಇನ್ನದಿನೈದು ದಿನ ಬುಟ್ರೆ ಎಲೆ ಬಲ್ತು ಒರಟಾಯ್ತದೆ. ಈ ಬೆಳೆ ಹೋದ್ರೆ ಹೋಯ್ತು.”

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಆ ಮನೆ ಇರುವುದು ಹುಳಕ್ಕಾಗಿ, ನಮಗಾಗಿ ಅಲ್ಲ. ಅಷ್ಟನ್ನು ಅಲ್ಲಿದ್ದ ನಾವೆಲ್ಲರೂ ಬಲ್ಲವರೇ. ಡ್ರಮ್ಮಿನವನೂ ಆ ಹುಳದಲ್ಲೇ ಬದುಕುವವನು. ತಲೆ ಅಲ್ಲಾಡಿಸಿ ಕೂತ.

ಉಳಿದದ್ದು ಒಂದು ದಿನ ಮತ್ತು ಒಂದು ಬೆಳಿಗ್ಗೆ. ಬೇರೆ ಜಾಗ ಹುಡುಕಿ, ಸಾಮಾನು ಸಾಗಿಸಿ, ಮತ್ತೆ ಹೊಂದಿಸುವಷ್ಟರಲ್ಲಿ ಟೀಚರ ಆಪರೇಷನ್ ಬಂದುಬಿಡುತ್ತಿತ್ತು. ಸರ್ವೇಯರು ತನ್ನ ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿದ. “ನಿನ್ ಪ್ಲಾನ್‌ನಲ್ಲಿ ಒಂದಾಡೂ ಪೂರ್ತಿಯಾಗಲ್ಲ ಕಣ್ಲಾ. ಡ್ರಮ್ಮೇ ಮುಗಿಯಾಕಿಲ್ಲ,” ಎಂದ.

ಟೀಚರು ಸ್ಲೇಟು ಒರೆಸಿ ಬರೆದು ನನ್ನ ಕಡೆ ತಿರುಗಿಸಿದರು. ‘ಎಲ್ಲರೂ ಒಟ್ಟಿಗೆ ನುಡಿಸಿದರೆ?’

ನಾನು ಆಗುವುದಿಲ್ಲ ಎಂದೆ. ಒಟ್ಟಿಗೆ ನುಡಿಸಿದರೆ ಒಬ್ಬರ ಸದ್ದು ಇನ್ನೊಬ್ಬರ ಮೈಕಿಗೆ ನುಗ್ಗುತ್ತದೆ. ಒಬ್ಬರು ತಪ್ಪಿದರೆ ನಾಲ್ವರದ್ದೂ ಹಾಳು. ಆಮೇಲೆ ತಿದ್ದಲು ಬರುವುದಿಲ್ಲ. ಇದನ್ನೆಲ್ಲ ವಿವರಿಸುತ್ತಿರುವಾಗ ಅವರು ಇನ್ನೊಂದು ಸಾಲು ಬರೆದರು: ‘ಹೆಂಗೂ ತಿದ್ದೋಕೆ ಟೈಮಿಲ್ಲ ಅಣ್ಣ.’

ಆ ಸಂಜೆಯೇ ಹಿಂದಿನ ಎರಡು ಹಾಡಿನ ಕೆಲಸವನ್ನು ಅಳಿಸಿದೆ. ಆರು ಹಾಡಿನಲ್ಲಿ ನಾಲ್ಕನ್ನು ಉಳಿಸಿಕೊಂಡೆವು. ನಾಳೆ ಮೂರು, ನಾಳಿದ್ದು ಬೆಳಿಗ್ಗೆ ಒಂದು. ಎಲ್ಲರೂ ಒಟ್ಟಿಗೆ, ತಾಳ ಎಣಿಸಿಕೊಡುವ ಮೆಟ್ರೊನೋಮಿನ ಟಕಟಕ ಇಲ್ಲದೆ. ಕೈಗಡಿಯಾರದಲ್ಲಿ ಟೀಚರ ಇಪ್ಪತ್ತು ನಿಮಿಷ ಎಣಿಸುವ ಕೆಲಸವನ್ನು ಸರ್ವೇಯರಿಗೆ ಒಪ್ಪಿಸಿದೆ. ಅಳತೆಯಲ್ಲಿ ಅವನು ದಾಕ್ಷಿಣ್ಯ ನೋಡುವವನಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಎಲ್ಲವನ್ನೂ ಹೊಸದಾಗಿ ಜೋಡಿಸಿದೆವು. ನನ್ನ ಗಿಟಾರಿನ ಸ್ಪೀಕರನ್ನು ಪಕ್ಕದ ಸೊಪ್ಪಿನ ಕೋಣೆಯಲ್ಲಿಟ್ಟು, ಬಾಗಿಲನ್ನು ಒಂದು ಗೇಣಷ್ಟು ತೆರೆದೆ. ಡ್ರಮ್ಮಿನವನಿಗೆ ಅಷ್ಟು ಕೇಳಿಸಿದರೆ ಸಾಕು. ಬೇಸ್ ನೇರವಾಗಿ ರೆಕಾರ್ಡಿಂಗ್ ಪೆಟ್ಟಿಗೆಗೆ ಹೋಯಿತು. ಚಂದ್ರಿಕೆಗಳನ್ನು ಡ್ರಮ್ಮಿನ ಸುತ್ತ ಇನ್ನಷ್ಟು ಹತ್ತಿರ ಎಳೆದೆವು. ಹೆಡ್‌ಫೋನು ಇದ್ದದ್ದು ಎರಡು. ಒಂದು ರಾಗಿ ಕೋಣೆಯಲ್ಲಿ ಟೀಚರಿಗೆ, ಇನ್ನೊಂದು ನನಗೆ. ಟೀಚರ ದನಿ ಡ್ರಮ್ಮಿನವನಿಗೂ ಸರ್ವೇಯರಿಗೂ ಕೇಳಿಸುತ್ತಲೇ ಇರಲಿಲ್ಲ. “ನಂಗೆ ನಿನ್ ಕೈ ಕಂಡ್ರೆ ಸಾಕು ಕಣ್ಲಾ,” ಎಂದ ಡ್ರಮ್ಮಿನವನು.

ಆದರೆ ಟೀಚರು ಸಿದ್ಧರಾಗಿದ್ದಾರೆಯೇ ಎಂದು ತಿಳಿಯುವುದು ಹೇಗೆ? ಅವರು ಒಂದು ಮನೆಯಲ್ಲಿ, ನಾವು ಇನ್ನೊಂದರಲ್ಲಿ. ಅಂಗಳದ ನಡುವೆ ನಿಂತರೆ ಮಾತ್ರ ರಾಗಿ ಕೋಣೆಯ ಕಿಟಕಿಯೂ ಹುಳದ ಮನೆಯ ಬಾಗಿಲೂ ಎರಡೂ ಕಾಣುತ್ತಿದ್ದವು. ಅವ್ವ ಸೊಪ್ಪು ಕೊಯ್ಯುವ ಕುಡುಗೋಲು ಕೆಳಗಿಟ್ಟು ಬಂದು ಅಲ್ಲಿ ನಿಂತರು.

“ನಾನೇನ್ ಮಾಡ್ಬೇಕು, ಏಳ್ರಪ್ಪ.”

“ಟೀಚರ್ ಕೈ ಎತ್ತಿದ್ ಕೂಡ್ಲೆ ನೀವೂ ಕೈ ಎತ್ತಿ, ಆಮೇಲೆ ಇಳಿಸ್ಬುಡಿ. ನೀವು ಕೈ ಇಳಿಸಿದ್ರೆ ಇವ್ನು ಸುರು ಮಾಡ್ತಾನೆ,” ಎಂದೆ. ಎರಡನೇ ಹಾಡಿನಲ್ಲಿ ಡ್ರಮ್ಮು ನಿಂತು, ದನಿ ಒಂಟಿಯಾಗಿ ಎಳೆದು, ಮತ್ತೆ ಎಲ್ಲರೂ ಒಟ್ಟಿಗೆ ಬೀಳುವ ಜಾಗವೊಂದಿತ್ತು. ಅಲ್ಲಿಗೂ ಅದೇ ಸನ್ನೆ. ಅವರು ಒಮ್ಮೆ ಕೈ ಎತ್ತಿ ಇಳಿಸಿ ಅಭ್ಯಾಸ ಮಾಡಿಕೊಂಡರು.

ಮೊದಲ ಹಾಡು ಕಬ್ಬಿನ ಗಾಡಿಗಳ ಸಾಲಿನದು. ಅವ್ವನ ಕೈ ಇಳಿಯಿತು, ಡ್ರಮ್ಮಿನವನು ನಾಲ್ಕು ಎಣಿಸಿದ, ಶುರುವಾಯಿತು. ಹೆಡ್‌ಫೋನಿನಲ್ಲಿ ಟೀಚರ ದನಿ ಬಂದಾಗ ನನ್ನ ಬೆರಳು ಒಂದು ಕ್ಷಣ ತಡವರಿಸಿತು. ಇಷ್ಟು ವರ್ಷ ಅವರ ಪಕ್ಕದಲ್ಲೇ ನಿಂತು ನುಡಿಸಿದ್ದೆ. ಅವರ ದನಿಯಲ್ಲಿ ಇಷ್ಟು ಸಣ್ಣ ಸಣ್ಣ ತಿರುವುಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಗಿಟಾರಿನ ಗಲಾಟೆಯಲ್ಲಿ ಅವು ನನಗೆ ಕೇಳಿಸಿದ್ದೇ ಇಲ್ಲ. ಅರ್ಧ ಹಾಡಿಗೆ ನಾನು ತಪ್ಪಿದೆ, ನಿಲ್ಲಿಸಿದೆವು. ಎರಡನೇ ಸಲ ಕೊನೆ ಮುಟ್ಟಿದೆವು.

ಹಿಂದಿನ ದಿನದ ಕೆಲಸದಲ್ಲಿ ಏನು ಕಮ್ಮಿ ಇತ್ತು ಎಂದು ಆಗ ತಿಳಿಯಿತು. ನಾವು ಒಬ್ಬರಿಗೊಬ್ಬರು ಕಿವಿ ಕೊಟ್ಟಿರಲಿಲ್ಲ. ಈಗ ಡ್ರಮ್ಮಿನವನು ನನ್ನ ಬಲಗೈಯನ್ನೇ ನೋಡುತ್ತ, ಎಲ್ಲಿ ನಾನು ಭಾರ ಹಾಕಿದೆನೋ ಅಲ್ಲಿ ತಾನೂ ಹಾಕಿದ್ದ. ಮೂರನೇ ಚರಣದಲ್ಲಿ ನಾವೆಲ್ಲ ಚೂರು ವೇಗ ಹೆಚ್ಚಿಸಿದ್ದೆವು, ನಾಲ್ವರೂ ಒಟ್ಟಿಗೇ. ಅದನ್ನು ತಪ್ಪು ಎನ್ನಲು ನನಗೆ ಮನಸ್ಸು ಬರಲಿಲ್ಲ.

ಎರಡನೆಯದು ಮೊದಲ ಸಲಕ್ಕೇ ಆಯಿತು. ದನಿ ಒಂಟಿಯಾಗಿ ಎಳೆಯುವ ಜಾಗದಲ್ಲಿ ಅವ್ವ ಕೈ ಎತ್ತಿ ಹಿಡಿದರು. ಅಲ್ಲೇ ತೆಂಗಿನ ಮರದ ಬುಡದಲ್ಲಿದ್ದ ನವಿಲೊಂದು ಗಟ್ಟಿಯಾಗಿ ಕೂಗಿತು. ಟೀಚರು ನಿಲ್ಲಿಸಲಿಲ್ಲ. ನವಿಲಿನ ಕೂಗು ಮುಗಿದ ಮೇಲೂ ಅದೇ ಸ್ವರದಲ್ಲಿ ಒಂದು ಉಸಿರು ಹೆಚ್ಚಾಗಿ ನಿಂತರು. ಅವ್ವ ಆ ಉಸಿರು ಮುಗಿಯುವವರೆಗೆ ಕಾದು ಕೈ ಇಳಿಸಿದರು. ನಾವು ಮೂವರೂ ಒಂದೇ ಏಟಿಗೆ ಬಿದ್ದೆವು. ಆ ಜಾಗವನ್ನು ನಾನು ಅದೆಷ್ಟು ಸಲ ಕೇಳಿದ್ದೇನೋ. ಸಂಗೀತ ಕಲಿಯದ ಒಬ್ಬ ಹೆಂಗಸು ಅಂಗಳದಲ್ಲಿ ನಿಂತು ಕೊಟ್ಟ ಸಮಯ ಅದು. ಕೂದಲೆಳೆಯಷ್ಟೂ ಆಚೀಚೆಯಿಲ್ಲ.

ಮೂರನೆಯದು ಮುಗಿದಾಗ ಸರ್ವೇಯರು ಗಡಿಯಾರ ನೋಡಿ, “ಹದ್ನೇಳೂವರೆ,” ಎಂದ. ಇನ್ನೂ ಎರಡೂವರೆ ನಿಮಿಷ ಉಳಿದಿತ್ತು. ಅದನ್ನು ಬಳಸಲಿಲ್ಲ. ಊಟಕ್ಕೆ ಕೂತಾಗ ಡ್ರಮ್ಮಿನವನು ಮುದ್ದೆ ಮುರಿಯುತ್ತ ತನ್ನಷ್ಟಕ್ಕೇ ನಗುತ್ತಿದ್ದ.

ಐದನೇ ದಿನದ ಬೆಳಿಗ್ಗೆ ಉಳಿದದ್ದು ನಾಲೆಯ ಹಾಡು. ನಾವು ಕಟ್ಟಿದವುಗಳಲ್ಲೇ ಒಳ್ಳೆಯದು ಅದು, ಬರೆದವರು ಟೀಚರೇ. ಎರಡನೇ ಚರಣದಲ್ಲಿ, ನಾಲೆಯ ಏರಿಯ ಮೇಲೆ ನಿಂತು ಆಚೆ ದಡದವರನ್ನು ಕರೆಯುವ ಹಾಗೆ ದನಿ ಏರಬೇಕು. ಬೆಳಿಗ್ಗೆ ಬಂದಾಗಲೇ ಅವರ ಮುಖ ಸೋತಿತ್ತು. ಹೇಗಿದೆ ಎಂದು ಕೇಳಿದ್ದಕ್ಕೆ ‘ಸರಿ ಇದೆ’ ಎಂದು ಬರೆದರು. ನಾನು ನಂಬಲು ಇಷ್ಟಪಟ್ಟೆ, ನಂಬಿದೆ.

ಮೊದಲ ಸಲ ತಂತಿ ಹರಿಯಿತು, ನನ್ನದೇ. ಎರಡನೇ ಸಲ ಸರ್ವೇಯರು ಬೇಸ್ ಗಿಟಾರಿನ ತಪ್ಪು ಮನೆಯ ಮೇಲೆ ಬೆರಳಿಟ್ಟ. ಮೂರನೇ ಸಲ ಎಲ್ಲವೂ ಕೂಡಿ ಬಂತು. ಮೊದಲ ಚರಣ ಮುಗಿಯುವ ಹೊತ್ತಿಗೆ ಇದೇ, ಇದೇ ಎಂದು ನನಗೆ ಅನ್ನಿಸತೊಡಗಿತ್ತು. ಎರಡನೇ ಚರಣದಲ್ಲಿ ದನಿ ಏರಿತು, ಏರುವಾಗಲೇ ಸೀಳಿತು. ಬಟ್ಟೆ ಹರಿದ ಹಾಗೊಂದು ಸದ್ದು, ಆಮೇಲೆ ಬರೀ ಉಸಿರು, ಆಮೇಲೆ ಅದೂ ಇಲ್ಲ.

ಅದು ಕೇಳಿಸಿದ್ದು ನನಗೊಬ್ಬನಿಗೇ. ಡ್ರಮ್ಮಿನವನು ನನ್ನ ಕೈ ನೋಡುತ್ತ ನುಡಿಸುತ್ತಲೇ ಇದ್ದ. ಅವ್ವನಿಗೆ ನಾವು ಶುರು ಮಾಡುವ ಸನ್ನೆ ಹೇಳಿಕೊಟ್ಟಿದ್ದೆವು, ನಿಲ್ಲಿಸುವುದಕ್ಕೆ ಯಾವ ಸನ್ನೆಯನ್ನೂ ಹೇಳಿರಲಿಲ್ಲ. ಅವರು ಕಿಟಕಿಯನ್ನು ನೋಡುತ್ತ ಸುಮ್ಮನೆ ನಿಂತಿದ್ದರು. ನಾನು ಕೈ ನಿಲ್ಲಿಸಬಹುದಿತ್ತು. ಮುಂದಿನ ಸಾಲಿಗೆ ಅವರು ಮತ್ತೆ ಸೇರಿಕೊಳ್ಳುತ್ತಾರೆ ಎಂದು ಕಾದೆ. ಸೇರಲಿಲ್ಲ. ಹಾಗೆಯೇ ಮೂವರೂ ಕೊನೆಯವರೆಗೆ ನುಡಿಸಿದೆವು, ದನಿ ಇರಬೇಕಾದ ಜಾಗವನ್ನು ಬಿಟ್ಟುಕೊಂಡು.

ಕೊನೆಯ ತಾಳದ ತಟ್ಟೆಯ ಸದ್ದು ಆರುವ ಮೊದಲೇ ಟೀಚರು ಅಂಗಳ ದಾಟಿ ಬಾಗಿಲಿಗೆ ಬಂದಿದ್ದರು. ಸ್ಲೇಟಿನಲ್ಲಿ ‘ಇನ್ನೊಂದು ಸಲ’ ಎಂದಿತ್ತು. ಎಡಗೈ ಕೊರಳ ಮೇಲಿತ್ತು.

ಹನ್ನೊಂದು ಗಂಟೆ. ಮಧ್ಯಾಹ್ನಕ್ಕೆ ಇನ್ನೂ ಸಮಯವಿತ್ತು. ಸರ್ವೇಯರ ಗಡಿಯಾರದಲ್ಲೂ ಏಳೆಂಟು ನಿಮಿಷ ಉಳಿದಿತ್ತು. ಲೆಕ್ಕದ ಪ್ರಕಾರ ಇನ್ನೊಂದು ಸಲ ಆಗುತ್ತಿತ್ತು. ಡ್ರಮ್ಮಿನವನೂ ಸರ್ವೇಯರೂ ನನ್ನ ಮುಖ ನೋಡಿದರು. ಅವರಿಬ್ಬರಿಗಿಂತ ಹೆಚ್ಚಾಗಿ ಆ ಹಾಡು ಪೂರ್ತಿಯಾಗಲಿ ಎಂದು ಬಯಸಿದ್ದವನು ನಾನು.

“ಬೇಡ ಟೀಚರ್. ಸಾಕು,” ಎಂದೆ.

ಅವರು ಸ್ಲೇಟನ್ನು ಮತ್ತೆ ಎತ್ತಿ ಹಿಡಿದರು. ನಾನು ತಲೆಯಾಡಿಸಿದೆ. ಆಗ ಅವರು ಐದು ದಿನದಲ್ಲಿ ಮೊದಲ ಸಲ ಮಾತಾಡಿದರು. ಮರಳು ಕಾಗದ ಉಜ್ಜಿದ ಹಾಗಿತ್ತು ದನಿ.

“ಗಂಟ್ಲು ನಂದು ಅಣ್ಣ. ನಿಮ್ದಲ್ಲ.”

“ನಿಮ್ದೇ. ಜೋರಾಗಿ ಹಾಡಿ ಅಂತ ಇಷ್ಟ್ ವರ್ಸ ಹೇಳಿದ್ದು ನಾನು. ಇವತ್ತು ಹೇಳಲ್ಲ.”

ರೆಕಾರ್ಡಿಂಗ್ ಪೆಟ್ಟಿಗೆಯ ಗುಂಡಿ ಒತ್ತಿದೆ. ಅದರ ಹಸಿರು ದೀಪಗಳು ಆರಿದವು. ಟೀಚರು ತಿರುಗಿ ಹೊರಟುಹೋದರು. ಅವ್ವ ಅವರ ಹಿಂದೆ ಹೋಗಿ, ಜಗಲಿಯ ಮೇಲೆ ಕೂರಿಸಿ, ಬೆಚ್ಚಗಿನ ನೀರು ಕೊಟ್ಟರು. ನಾವು ಮೂವರೂ ವೈರು ಸುತ್ತತೊಡಗಿದೆವು. ಚಂದ್ರಿಕೆಗಳನ್ನು ಮೊದಲಿನ ಮೂಲೆಗೆ ಒರಗಿಸಿ, ನೆಲ ಗುಡಿಸಿ, ಹೇಳಿದ ಹೊತ್ತಿಗೆ ಮುಂಚೆಯೇ ಮನೆ ಖಾಲಿ ಮಾಡಿಕೊಟ್ಟೆವು. ಹೊರಡುವಾಗ ಟೀಚರು ನನ್ನ ಕಡೆ ನೋಡಲಿಲ್ಲ.

ಪಾಂಡವಪುರದವರೆಗೂ ಗಾಡಿಯಲ್ಲಿ ನಾನೊಬ್ಬನೇ. ಆರು ಹಾಡು ಎಂದು ಹೊರಟವನು ಮೂರೂವರೆ ಹೊತ್ತು ಬರುತ್ತಿದ್ದೆ. ಬೇಜಾರಾಗಬೇಕಿತ್ತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದರ ಕೆಳಗೆ ಇನ್ನೊಂದಿತ್ತು. ಒಂದು ದಿನದಲ್ಲಿ, ಎರಡು ಮನೆಗಳಲ್ಲಿ ಹಂಚಿಹೋಗಿ, ಒಬ್ಬರ ಸದ್ದು ಒಬ್ಬರಿಗೆ ಸರಿಯಾಗಿ ಕೇಳಿಸದೆ, ನಾವು ಆ ಮೂರು ಹಾಡು ಮಾಡಿದ್ದೆವು.

ಆ ವಾರವಿಡೀ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅವುಗಳ ಮೇಲೆ ಕೆಲಸ ಮಾಡಿದೆ. ತಿದ್ದಲು ಹೆಚ್ಚೇನೂ ಇರಲಿಲ್ಲ. ನವಿಲನ್ನು ಅಳಿಸಲಿಲ್ಲ. ಆಪರೇಷನ್ನಿನ ಹಿಂದಿನ ದಿನ ಟೀಚರ ಮೊಬೈಲಿಗೆ ಮೂರು ಹಾಡನ್ನೂ ಕಳಿಸಿದೆ. ಉತ್ತರವಾಗಿ ಒಂದೇ ಸಾಲು ಬಂತು: ‘ಆಸ್ಪತ್ರೆಲಿ ನರ್ಸ್‌ಗಳಿಗೆಲ್ಲ ಕೇಳಿಸ್ದೆ.’ ಅಷ್ಟರಲ್ಲೇ ನನಗೆ ಸಮಾಧಾನವಾಯಿತು.

ಹಾಡುಗಳನ್ನು ಇಂಟರ್ನೆಟ್ಟಿಗೆ ಹಾಕಿದೆವು. ಲೋಕವೇನೂ ಅಲುಗಾಡಲಿಲ್ಲ. ಆದರೆ ಒಂದು ದಿನ ಮೋಟಾರು ತಂದ ರೈತರೊಬ್ಬರ ಫೋನು ಕಬ್ಬಿನ ಗಾಡಿಯ ಹಾಡಿನಿಂದ ರಿಂಗಾಯಿತು. ಇದು ಯಾರ ಹಾಡು ಎಂದು ಗೊತ್ತಿಲ್ಲದವನಂತೆ ಕೇಳಿದೆ. “ಯಾರೋ ನಮ್ ಕಡೆಯೋರೇ ಕಣಪ್ಪ, ಮಾತ್ ಕೇಳುದ್ರೆ ಗೊತ್ತಾಗಕಿಲ್ವಾ?” ಎಂದರು. ಅವರ ಮೋಟಾರಿಗೆ ಆ ದಿನ ಎಂದಿಗಿಂತ ಜತನವಾಗಿ ತಂತಿ ಸುತ್ತಿದೆ.

ಆಪರೇಷನ್ ಆಗಿ ಎರಡು ತಿಂಗಳ ನಂತರ, ಒಂದು ಭಾನುವಾರ, ನಾಲ್ವರೂ ನನ್ನ ಅಂಗಡಿಯಲ್ಲಿ ಸೇರಿದೆವು. ಟೀಚರು ಮಾತಾಡುತ್ತಿದ್ದರು. ದನಿ ಮೊದಲಿಗಿಂತ ತಗ್ಗಿನದು, ಒರಟಿನದು. ಮೇಲಿನ ಸ್ವರಗಳು ಇನ್ನೂ ಹತ್ತಿರ ಬಂದಿರಲಿಲ್ಲ, ಬರುತ್ತವೆ ಎಂದು ವೈದ್ಯರೂ ಹೇಳಿರಲಿಲ್ಲ. ಅವತ್ತು ನಿಲ್ಲಿಸಿದ್ದರಿಂದ ಏನಾದರೂ ಉಳಿಯಿತೇ ಎಂದು ಟೀಚರೇ ವೈದ್ಯರನ್ನು ಕೇಳಿದ್ದರಂತೆ. ಅದನ್ನು ಹೇಳಲಾಗದು ಎಂಬ ಉತ್ತರ ಸಿಕ್ಕಿತ್ತು. ಇಲ್ಲಿ ಅದನ್ನು ಇದ್ದ ಹಾಗೆಯೇ ಬರೆಯುತ್ತಿದ್ದೇನೆ.

ನಾಲೆಯ ಹಾಡನ್ನು ಹಾಕಿದೆ. ಟೀಚರು ಅದನ್ನು ಕೇಳುತ್ತಿದ್ದದ್ದು ಅದೇ ಮೊದಲು. ದನಿ ಸೀಳುವ ಜಾಗ ಬಂದಾಗ ಡ್ರಮ್ಮಿನವನು ನೆಲ ನೋಡಿದ. ಅಲ್ಲಿಂದ ಮುಂದೆ ಡ್ರಮ್ಮು, ಬೇಸು, ಗಿಟಾರು ಮೂರೇ ನಡೆದು ಕೊನೆ ಮುಟ್ಟಿದವು.

“ನಾನು ನಿಂತ್ ಮೇಲೂ ನೀವು ನಿಂತಿಲ್ಲ,” ಎಂದರು ಟೀಚರು.

“ನಂಗೆ ಗೊತ್ತೇ ಆಗ್ನಿಲ್ಲ ಮೇಡಮ್,” ಎಂದ ಡ್ರಮ್ಮಿನವನು. “ಇವ್ನ ಕೈ ಆಡ್ತಿತ್ತು, ನಾನೂ ಒಡೀತಿದ್ದೆ.”

ಸರ್ವೇಯರು ಮೆಲ್ಲಗೆ, ಈಗ ಉಳಿದರ್ಧವನ್ನು ತಗ್ಗಿನ ಸ್ವರದಲ್ಲಿ ಹಾಡಿ ತುಂಬಿಸಬಹುದಲ್ಲವೇ ಎಂದ. ಸಮಯವಿದೆ, ಜಾಗವಿದೆ, ಅವಸರವಿಲ್ಲ. ಆ ನಿರ್ಧಾರವನ್ನು ಈ ಸಲ ನಾನು ತೆಗೆದುಕೊಳ್ಳುವಂತಿರಲಿಲ್ಲ.

ಟೀಚರು ಯೋಚಿಸಿದರು. “ಬ್ಯಾಡ. ಅದು ಅಷ್ಟೇ ಇರ್ಲಿ. ಅಷ್ಟ್ರಲ್ಲಿ ನಾವು ನಾಲ್ಕೂ ಜನ ಇದೀವಿ,” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ಈ ದನಿಗೆ ಬ್ಯಾರೆ ಹಾಡು ಬೇಕು ಅಣ್ಣ. ಎಲ್ಲಿವರ್ಗೂ ಹೋಗ್ತದೆ ಅಂತ ನಂಗೂ ಗೊತ್ತಿಲ್ಲ. ನೋಡಣ, ಒಂದ್ ಸ್ವರ ಕೊಡಿ.”

ಗೋಡೆಯ ಮೊಳೆಯಲ್ಲಿದ್ದ ಗಿಟಾರು ತೆಗೆದೆ. ಆರು ತಂತಿಗಳನ್ನೂ ಒಂದೊಂದಾಗಿ ಒಂದು ಪೂರ್ತಿ ಸ್ವರದಷ್ಟು ಇಳಿಸಿದೆ. ಸಾಲದು ಎಂದರು. ಇನ್ನರ್ಧ ಇಳಿಸಿದೆ. ತಂತಿಗಳು ಸಡಿಲವಾಗಿ, ನನಗೆ ಅಭ್ಯಾಸವಿಲ್ಲದ ದಪ್ಪ ಸದ್ದು ಬಂತು. ಅವರು ಕಣ್ಣು ಮುಚ್ಚಿ, ಆ ಸದ್ದಿನ ಮೇಲೆ ಮೆಲ್ಲಗೆ ದನಿ ಇಟ್ಟರು. ನಾನು ತಂತಿಯನ್ನು ಇನ್ನೂ ಮೆತ್ತಗೆ ಮೀಟುತ್ತ, ಕೇಳಿಸಿಕೊಂಡೆ.